13ನೇ ಎಲೆಯ ಅರ್ಥ

ಗಿಣಿಶಾಸ್ತ್ರದವನು ಬೀದಿಗೆ ಬಂದರೆ ಕೈಕೆಲಸ ಬಿಟ್ಟು ಬಾಗಿಲಿಗೆ ಓಡುತ್ತಿದ್ದ ಕಾಲ ನೆನಪಿದೆಯೇ, ಸೋದರಿಯರೇ? ಗಿಣಿ ಪಂಜರದಿಂದ ಹೊರಬಂದು ಕೊಕ್ಕಿನಿಂದ ಒಂದು ಎಲೆ ಎಳೆಯುತ್ತಿತ್ತು. ಲಕ್ಷ್ಮಿ ಬಂದರೆ ನಗು, ಶನಿದೇವರು ಬಂದರೆ ಮುಖ ಬಾಡುತ್ತಿತ್ತು. ಈಗ ಪಟ್ಟಣಗಳಲ್ಲಿ ಟ್ಯಾರೋ ಎಂಬ ಎಲೆಗಳನ್ನು ಹಾಸಿ ಭವಿಷ್ಯ ಹೇಳುತ್ತಾರೆ. ಗಿಣಿ ಇಲ್ಲ, ಅಂಜಿಕೆ ಮಾತ್ರ ಅದೇ.

ಹೋದ ವರ್ಷ ನಮ್ಮ ಅಕ್ಕನಿಗೆ ಗರ್ಭಕೋಶದ ಗಡ್ಡೆಯ ಆಪರೇಷನ್ ಗೊತ್ತಾಗಿತ್ತು. ಇನ್ನು ಹತ್ತು ದಿನ ಇದೆ ಅನ್ನುವಾಗ ಬೆಂಗಳೂರಿನಲ್ಲಿರುವ ಅವಳ ಮಗಳು ಎಲೆ ತೆಗೆಸಿದಳಂತೆ. ಬಂದದ್ದು 13ನೆಯದು, ಅದರ ಹೆಸರೇ ‘ಸಾವು’. “ಚಿಕ್ಕಮ್ಮಾ, ಆಪರೇಷನ್ ಮುಂದಕ್ಕೆ ಹಾಕೋಣ, ನೀವೇ ಅಮ್ಮನಿಗೆ ಹೇಳಿ” ಅಂತ ಫೋನಿನಲ್ಲಿ ಅಳು. ಅಕ್ಕನಿಗೋ ತಿಂಗಳು ತಿಂಗಳೂ ವಿಪರೀತ ರಕ್ತ ಹೋಗಿ ಮುಖ ಬಿಳಿಚಿಕೊಂಡಿತ್ತು. ಮುಂದಕ್ಕೆ ಹಾಕುವುದೆಂದರೆ ಹುಡುಗಾಟವೇ?

ನಾನು ಎಸ್ಸೆಸ್ಸೆಲ್ಸಿಯವರೆಗೆ ಓದಿದವಳು. ಆದರೂ ಹೆದರಿಸಿದ್ದು ಏನು ಅಂತ ನೋಡಿಯೇಬಿಡೋಣ ಎನ್ನಿಸಿತು. ಎಲೆಯ ಚಿತ್ರ ತರಿಸಿಕೊಂಡು ಅಡುಗೆಮನೆಯ ಕಪಾಟಿಗೆ ಅಂಟಿಸಿದೆ. ರಾತ್ರಿ ಪಾತ್ರೆ ಬೆಳಗಿದ ಮೇಲೆ ಮಗನಿಂದ ಓದಿಸಿಕೊಂಡು ಹಳೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಟ್ಯಾರೋ ಹುಟ್ಟಿದ್ದು 15ನೇ ಶತಮಾನದ ಇಟಲಿಯಲ್ಲಿ, ಬರೀ ಆಟಕ್ಕೆ. ಒಟ್ಟು 78 ಎಲೆ. 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬೆಲಿನ್ ಎಂಬ ಪಂಡಿತ ಇದು ಈಜಿಪ್ಟಿನ ಪುರಾತನ ವಿದ್ಯೆ ಎಂದು ಬರೆದ. ಅದಕ್ಕೆ ಆಧಾರವಿರಲಿಲ್ಲ, ಆದರೂ ಭವಿಷ್ಯ ಹೇಳುವ ರೂಢಿ ಆಮೇಲೆ ಬೇರೂರಿತು. ನಾನು ಅಂಟಿಸಿದ್ದ ಚಿತ್ರ 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದದ್ದು. ಬರೆದವಳು ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಹೆಣ್ಣುಮಗಳು.

ಬಿಳಿ ಕುದುರೆಯ ಮೇಲೆ ಕಪ್ಪು ಕವಚ ತೊಟ್ಟ ಅಸ್ಥಿಪಂಜರ. ಕೈಯಲ್ಲಿ ಬಿಳಿ ಹೂವಿನ ಕಪ್ಪು ಬಾವುಟ. ರಾಜ ನೆಲಕ್ಕೆ ಬಿದ್ದಿದ್ದಾನೆ, ಗುರು ಕೈಮುಗಿದಿದ್ದಾನೆ, ಹುಡುಗಿ ಮುಖ ತಿರುಗಿಸಿದ್ದಾಳೆ. ಒಂದು ಮಗು ಮಾತ್ರ ತಲೆಯೆತ್ತಿ ನೋಡುತ್ತಿದೆ. ದೂರದಲ್ಲಿ ಎರಡು ಗೋಪುರಗಳ ನಡುವೆ ಸೂರ್ಯ. ಮೊದಲ ದಿನ ಆ ಸೂರ್ಯ ನನ್ನ ಕಣ್ಣಿಗೇ ಬಿದ್ದಿರಲಿಲ್ಲ!

ಬಿಳಿ ಕುದುರೆ ಅಂದಕೂಡಲೇ ನಮಗೆ ಕಲ್ಕಿ ನೆನಪಾಗುತ್ತಾನೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಗಂಜೀಫಾ ಆಟ ಬಲು ಪ್ರೀತಿ. ಅವರ ‘ಶ್ರೀತತ್ತ್ವನಿಧಿ’ಯಲ್ಲಿ ಅದರ ವಿವರಗಳೇ ಇವೆ. ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ 12ರಂತೆ 120 ಎಲೆ, ಕಡೆಯ ಅವತಾರ ಕಲ್ಕಿಯದು. ಅವನು ಬಂದರೆ ಕಲಿಯುಗ ಮುಗಿದು ಕೃತಯುಗ ಶುರು ಎನ್ನುತ್ತದೆ ಪುರಾಣ. ಆಟದಲ್ಲಿ ಆ ಎಲೆ ಕೈಗೆ ಬಂತೆಂದು ಯಾರೂ ಅಳಲಿಲ್ಲ.

ಫ್ರಾನ್ಸಿನ ಹಳೆಯ ಕಟ್ಟುಗಳಲ್ಲಿ ಇದೇ ಅಸ್ಥಿಪಂಜರ ಉದ್ದ ಹಿಡಿಯ ಕುಡುಗೋಲು ಹಿಡಿದು ಕೊಯ್ಯುತ್ತದೆ. ಎಷ್ಟೋ ಕಟ್ಟುಗಳಲ್ಲಿ ಆ ಎಲೆಗೆ ಹೆಸರನ್ನೇ ಬರೆದಿಲ್ಲ. ಕೊಯ್ಲು ನಮಗೆ ಹೊಸದೇ? ತ್ಯಾವಣಿಗೆಯಲ್ಲಿ ಭತ್ತ ಕೊಯ್ದ ಗದ್ದೆ ನೋಡಿ ಕಣ್ಣೀರು ಹಾಕಿದವರಿಲ್ಲ. ಕೂಳೆ ಉತ್ತು, ಭದ್ರಾ ನಾಲೆಯಲ್ಲಿ ನೀರು ಬಂದಾಗ ಮತ್ತೆ ನಾಟಿ. ಟ್ಯಾರೋ ಬಲ್ಲವರೂ ಈ ಎಲೆಗೆ ದೇಹದ ಸಾವು ಎನ್ನುವುದಕ್ಕಿಂತ ‘ಒಂದು ಸ್ಥಿತಿ ಮುಗಿದು ಇನ್ನೊಂದು ಬರುವುದು’ ಎಂದೇ ಅರ್ಥ ಹೇಳುತ್ತಾರೆ.

ಹಾಗಾದರೆ ಅಕ್ಕನಿಗೆ ಮುಗಿಯುವುದು ಆ ರಕ್ತಸ್ರಾವ ಅಂತಲೂ ಹೇಳಬಹುದಿತ್ತು. ಆದರೆ ಅಲ್ಲಿಯೇ ನನಗೆ ಗುಟ್ಟು ತಿಳಿದದ್ದು. ಹೆದರಿದವಳಿಗೆ ಸಾವು, ಧೈರ್ಯದವಳಿಗೆ ಕೊಯ್ಲು. ನಾವು ಬಗ್ಗಿಸಿದ ಕಡೆಗೆ ಬಗ್ಗುವ ಎಲೆ ಆಪರೇಷನ್ನಿನ ದಿನ ಹೇಗೆ ಗೊತ್ತುಮಾಡೀತು? ಅಕ್ಕನಿಗೆ ಎಲ್ಲ ತಿಳಿಸಿದೆ. ಅವಳು, “ಆ ಎಲೆ ನನ್ನ ಸ್ಕ್ಯಾನಿಂಗ್ ನೋಡಿದೆಯೇನೇ?” ಅಂದಳು ಅಷ್ಟೇ.

ಮಗಳಿಗೆ ಒಂದು ಕೆಲಸ ಹಚ್ಚಿದೆವು: ನಿನ್ನ ಹೆದರಿಕೆಯನ್ನೆಲ್ಲ ಪ್ರಶ್ನೆ ಮಾಡಿ ಬರಿ. ರಕ್ತದ ಅಂಶ ಸಾಕೇ? ರಕ್ತ ಕೊಡಬೇಕಾದರೆ ಸಿದ್ಧವಿದೆಯೇ? ಅರಿವಳಿಕೆ ಯಾವ ಬಗೆಯದು? ಡಾಕ್ಟರು ಒಂದೊಂದಕ್ಕೂ ಉತ್ತರ ಹೇಳಿದರು. ಆಪರೇಷನ್ ಗೊತ್ತಾದ ದಿನವೇ ಆಯಿತು. ಅಕ್ಕ ಈಗ ಗೆಲುವಾಗಿದ್ದಾಳೆ.

ಸೋದರಿಯರೇ, ಎಲೆ ನೋಡುವ ಆಸೆಯಿದ್ದರೆ ನೋಡಿ, ಚಿತ್ರ ಚೆನ್ನಾಗಿರುತ್ತದೆ. ಹೆದರಿಕೆಯಾದರೆ ಹೆಸರಿಗೇ ನಿಲ್ಲದೆ ಮೂಲೆಯವರೆಗೆ ಕಣ್ಣಾಡಿಸಿ. ಕಾಯಿಲೆಯ ಮಾತು ಮಾತ್ರ ಕಾಯಿಲೆ ನೋಡಿದವರನ್ನೇ ಕೇಳಿ, ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿ.