ಹೊಸ ವರ್ಷದ ರಾತ್ರಿ ಸಾಕ್ಷಿಗೆ ಹತ್ತು ನಿಮಿಷ ಸಾಲದು

ಡಿಸೆಂಬರ್ 31ರ ರಾತ್ರಿ ಚರ್ಚಿನಲ್ಲಿ ಏನೇನು ನಡೆಯುತ್ತದೆ ಎಂಬ ಪಟ್ಟಿ ಈಗ ನಮ್ಮ ಕಡೆ ವಾಟ್ಸಾಪ್‌ನಲ್ಲೇ ಬರುತ್ತದೆ. ಒಂಬತ್ತೂವರೆಗೆ ಹಾಡು. ಹತ್ತಕ್ಕೆ ಸಂಡೇ ಸ್ಕೂಲ್ ಮಕ್ಕಳ ನೃತ್ಯ. ಹತ್ತೂವರೆಗೆ ಹೊರಗಿನಿಂದ ಬಂದ ಬೋಧಕರ ಸಂದೇಶ. ಹನ್ನೊಂದೂವರೆಗೆ ಸಾಕ್ಷಿ. ಹನ್ನೊಂದು ನಲವತ್ತಕ್ಕೆ ವಾಗ್ದಾನದ ಕಾರ್ಡು. ಹನ್ನೆರಡಕ್ಕೆ ಪ್ರಾರ್ಥನೆ, ಆಮೇಲೆ ಕೇಕು.

ಸಾಕ್ಷಿಗೆ ಸಿಕ್ಕಿದ್ದು ಹತ್ತು ನಿಮಿಷ. ಸಂದೇಶ ಸ್ವಲ್ಪ ಉದ್ದವಾದರೆ ಅದೂ ಇಲ್ಲ. ‘ಟೈಮ್ ಆಯ್ತು, ಒಬ್ಬರೋ ಇಬ್ಬರೋ ಬೇಗ ಹೇಳಿ’ ಎನ್ನುತ್ತಾರೆ. ಎದ್ದು ನಿಲ್ಲಬೇಕೆಂದಿದ್ದವರು ಮತ್ತೆ ಕೂರುತ್ತಾರೆ.

ಈ ಪಟ್ಟಿ ತಲೆಕೆಳಗಾಗಿದೆ ಎಂಬುದು ನನ್ನ ಅಭಿಪ್ರಾಯ. ಆ ರಾತ್ರಿ ಎಲ್ಲಕ್ಕಿಂತ ಹೆಚ್ಚು ಸಮಯ ಸಿಗಬೇಕಾದದ್ದು ಸಾಕ್ಷಿಗೆ. ಯಾಕೆ ಎಂದು ಹೇಳುತ್ತೇನೆ.

ಚರ್ಚಿಗೆ ಹೋಗದ ಓದುಗರಿಗಾಗಿ ಒಂದು ಮಾತು. ಇಲ್ಲಿ ಸಾಕ್ಷಿ ಎಂದರೆ ಕೋರ್ಟಿನ ಸಾಕ್ಷಿ ಅಲ್ಲ. ಸಭೆಯಲ್ಲಿ ಯಾರಾದರೂ ಎದ್ದು ನಿಂತು, ಈ ವರ್ಷ ನನ್ನ ಮನೆಯಲ್ಲಿ ಇಂತಿಂಥದ್ದು ಆಯಿತು, ದೇವರು ಹೀಗೆ ದಾಟಿಸಿದ ಎಂದು ಎಲ್ಲರ ಮುಂದೆ ಹೇಳುವುದು. ಅದಕ್ಕೆ ಓದು ಬರಹ ಬೇಕಿಲ್ಲ, ಹುದ್ದೆ ಬೇಕಿಲ್ಲ. ಕೂಲಿ ಮಾಡುವವರೂ ಹೇಳಬಹುದು, ಮೇಷ್ಟ್ರೂ ಹೇಳಬಹುದು.

ಇದು ‘ಕ್ರೈಸ್ತರ ಹೊಸ ವರ್ಷ’ವೇ?

ಪ್ರತಿ ವರ್ಷ ಡಿಸೆಂಬರ್ ಕೊನೆಗೆ ಒಂದು ಮೆಸೇಜು ಓಡಾಡುತ್ತದೆ: ಜನವರಿ 1 ಕ್ರೈಸ್ತರ ಹೊಸ ವರ್ಷ, ನಮ್ಮದು ಯುಗಾದಿ ಎಂದು. ಯುಗಾದಿ ನಮ್ಮದು ಎನ್ನುವುದರಲ್ಲಿ ತಕರಾರಿಲ್ಲ. ಆದರೆ ಜನವರಿ 1 ಕ್ರೈಸ್ತರು ಹುಟ್ಟುಹಾಕಿದ ದಿನ ಅಲ್ಲ. ಯೇಸು ಹುಟ್ಟುವ ಮೊದಲೇ ರೋಮಿನವರು ಆ ದಿನದಿಂದ ವರ್ಷ ಎಣಿಸುತ್ತಿದ್ದರು. ಆ ದಿನದ ಕುಡಿತ, ಕುಣಿತ ನೋಡಿ ಮೊದಲ ಶತಮಾನಗಳ ಕ್ರೈಸ್ತ ಗುರುಗಳು ಅದನ್ನು ವಿರೋಧಿಸಿದ್ದರು. ಯುರೋಪಿನ ಹಲವು ಕಡೆ ಎಷ್ಟೋ ಕಾಲ ಮಾರ್ಚ್ 25ಕ್ಕೆ ವರ್ಷ ಶುರುವಾಗುತ್ತಿತ್ತು. ಇಂಗ್ಲೆಂಡ್ ಜನವರಿ 1ಕ್ಕೆ ಬಂದದ್ದು 1752ರಲ್ಲಿ. ಚರ್ಚಿನದೇ ಆದ ಪಂಚಾಂಗ ಶುರುವಾಗುವುದು ಇಂದಿಗೂ ಕ್ರಿಸ್‌ಮಸ್‌ಗೆ ನಾಲ್ಕು ಭಾನುವಾರ ಮೊದಲು, ಆಗಮನ ಕಾಲದಿಂದ.

ಅಂದರೆ ಜನವರಿ 1 ಊರಿಗೆಲ್ಲ ಸೇರಿದ ಲೆಕ್ಕದ ದಿನ. ಬ್ಯಾಂಕು, ಶಾಲೆ, ಆಸ್ಪತ್ರೆ, ಬಸ್ ಪಾಸು ಎಲ್ಲ ನಡೆಯುವುದು ಇದೇ ಕ್ಯಾಲೆಂಡರಿನಲ್ಲಿ. ಚರ್ಚು ಮಾಡಿದ್ದು ಇಷ್ಟೇ: ಊರೆಲ್ಲ ಕುಡಿದು ಕುಣಿಯುವ ರಾತ್ರಿಯನ್ನು ಎಚ್ಚರವಿದ್ದು ಕಳೆಯುವ ರಾತ್ರಿಯಾಗಿ ಬದಲಿಸಿತು.

ಕ್ಯಾಥೊಲಿಕರು 31ರ ಸಂಜೆ ಕೃತಜ್ಞತೆ ಸಲ್ಲಿಸುತ್ತಾರೆ. ಜನವರಿ 1 ಅವರಿಗೆ ದೇವಮಾತೆ ಮರಿಯಳ ಹಬ್ಬ; 1968ರಿಂದ ಅದೇ ದಿನ ವಿಶ್ವ ಶಾಂತಿ ದಿನವೂ ಹೌದು. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಇರುವುದು ನಡುರಾತ್ರಿಯ ಆರಾಧನೆ. ನಮ್ಮವರು ಅದನ್ನು ‘ವಾಚ್ ನೈಟ್’ ಎಂದೇ ಕರೆಯುತ್ತಾರೆ. ಎಂದರೆ ಕಾದು ಕೂರುವ ರಾತ್ರಿ.

ಗಣಿ ಕೆಲಸಗಾರರ ರಾತ್ರಿ

ಇದರ ಮೂಲ ಹಳ್ಳಿಯವರಿಗೆ ಗೊತ್ತಿರಬೇಕಾದದ್ದು. 1733ರಲ್ಲಿ ಜರ್ಮನಿಯ ಹೆರ್ನ್‌ಹುಟ್ ಎಂಬ ಪುಟ್ಟ ಊರಿನಲ್ಲಿ ಮೊರಾವಿಯನ್ ಸಭೆಯವರು ವರ್ಷದ ಕೊನೆಯ ರಾತ್ರಿ ಕೂಡಿ ಪ್ರಾರ್ಥಿಸಿದರು. ಆಮೇಲೆ 1740ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಪಕ್ಕದ ಕಿಂಗ್ಸ್‌ವುಡ್‌ನಲ್ಲಿ ಕಲ್ಲಿದ್ದಲು ಗಣಿ ಕೆಲಸಗಾರರು ಇದನ್ನು ಹಿಡಿದರು. ಮೊದಲು ಶನಿವಾರ ರಾತ್ರಿಯೆಲ್ಲ ಹೆಂಡದಂಗಡಿಯಲ್ಲಿ ಕಳೆಯುತ್ತಿದ್ದವರು, ಮನಸ್ಸು ತಿರುಗಿದ ಮೇಲೆ ಅದೇ ರಾತ್ರಿಯನ್ನು ಪ್ರಾರ್ಥನೆಯಲ್ಲಿ ಕಳೆಯತೊಡಗಿದರು. ಇದು ಅತಿಯಾಯಿತು, ನಿಲ್ಲಿಸಿ ಎಂದು ಕೆಲವರು ಮೆಥೋಡಿಸ್ಟ್ ಪಂಥದ ಗುರು ಜಾನ್ ವೆಸ್ಲಿಗೆ ಹೇಳಿದರು. ಅವರು ನಿಲ್ಲಿಸಲಿಲ್ಲ, ಬೇರೆ ಊರುಗಳಿಗೂ ಹರಡಿದರು. ಆಗ ಅದು ಹೊಸ ವರ್ಷಕ್ಕಷ್ಟೇ ಸೀಮಿತವಾಗಿರಲಿಲ್ಲ. ಹುಣ್ಣಿಮೆಗೆ ಹತ್ತಿರದ ಶುಕ್ರವಾರ ಇಡುತ್ತಿದ್ದರು. ಕಾರಣ ಸರಳ: ದೂರದಿಂದ ನಡೆದು ಬಂದವರು ಬೆಳದಿಂಗಳಲ್ಲಿ ಮನೆ ಸೇರಬೇಕಿತ್ತು.

ಇನ್ನೊಂದು ರಾತ್ರಿ 1862ರ ಡಿಸೆಂಬರ್ 31. ಅಮೆರಿಕದಲ್ಲಿ ಗುಲಾಮರಾಗಿದ್ದ, ಗುಲಾಮಗಿರಿಯಿಂದ ಪಾರಾಗಿದ್ದ ಆಫ್ರಿಕನ್ ಮೂಲದ ಜನ ಚರ್ಚುಗಳಲ್ಲಿ ಕೂಡಿ ನಡುರಾತ್ರಿಗೆ ಕಾದರು. ದಂಗೆ ಎದ್ದ ರಾಜ್ಯಗಳ ಗುಲಾಮರು ಸ್ವತಂತ್ರರು ಎಂಬ ಅಧ್ಯಕ್ಷ ಲಿಂಕನ್ ಅವರ ಘೋಷಣೆ 1863ರ ಜನವರಿ 1ರಂದು ಜಾರಿಗೆ ಬರಬೇಕಿತ್ತು. ಅವರ ಸಭೆಗಳಲ್ಲಿ ಆ ರಾತ್ರಿಯ ನೆನಪು ಇಂದಿಗೂ ಇದೆ.

ಎರಡು ಕಡೆಯೂ ಕಾದು ಕೂತವರು ದುಡಿಯುವ ಜನ. ನಮ್ಮಲ್ಲೂ ಹಾಗೆಯೇ. ಬೀದರ್, ಕಲಬುರಗಿ, ರಾಯಚೂರು ಕಡೆ ಮೆಥೋಡಿಸ್ಟ್ ಮಿಷನ್, ಹಳೇ ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನ್, 1834ರಲ್ಲಿ ಮಂಗಳೂರಿಗೆ ಬಂದು ಆಮೇಲೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗೆ ಹರಡಿದ ಬಾಸೆಲ್ ಮಿಷನ್, ಹೀಗೆ ಬೇರೆ ಬೇರೆ ದಾರಿಯಲ್ಲಿ ಸಭೆಗಳು ಬೆಳೆದವು. ಬೀದರ್ ಕಡೆಯ ಹಳ್ಳಿ ಸಭೆಗಳಲ್ಲಿ ಬಹಳಷ್ಟು ಜನ ದಲಿತ ಮನೆತನದವರು. ಊರ ಪಂಚಾಯ್ತಿಯಲ್ಲಿ, ಗೌಡರ ಕಟ್ಟೆಯ ಮುಂದೆ ಬಾಯಿ ತೆರೆಯಲು ಆಗದಿದ್ದ ಕಾಲದಲ್ಲಿ, ಎದ್ದು ನಿಂತು ತಮ್ಮ ಬದುಕಿನ ಬಗ್ಗೆ ತಾವೇ ಮಾತಾಡಲು ಅವರಿಗೆ ಸಿಕ್ಕ ಜಾಗ ಈ ಸಾಕ್ಷಿ. ಅದನ್ನು ಹತ್ತು ನಿಮಿಷಕ್ಕೆ ಇಳಿಸುವುದು ಸಣ್ಣ ವಿಷಯವಲ್ಲ.

ಆ ರಾತ್ರಿಯೇ ಯಾಕೆ?

ವರ್ಷದಲ್ಲಿ ಊರಿನವರೆಲ್ಲ ಊರಲ್ಲಿರುವುದು ಎಷ್ಟು ದಿನ? ಹೈದರಾಬಾದ್, ಪುಣೆ, ಮುಂಬೈ, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ, ಸೆಕ್ಯೂರಿಟಿ ಕೆಲಸಕ್ಕೆ, ನರ್ಸಿಂಗಿಗೆ ಹೋದವರು ಬರುವುದು ಕ್ರಿಸ್‌ಮಸ್‌ಗೆ. ಜನವರಿ 2ಕ್ಕೆ ಬಸ್ಸು ಹತ್ತುತ್ತಾರೆ. ಅತ್ತ ತೊಗರಿ ರಾಶಿ, ಕಬ್ಬು ಕಡಿಯುವ ಕೆಲಸ. ಎಳ್ಳ ಅಮಾವಾಸ್ಯೆಯೂ ಇದರ ಹಿಂದೆ ಮುಂದೆಯೇ ಬರುತ್ತದೆ. ಇಷ್ಟರ ನಡುವೆ ದುಡಿಯಲು ಹೋದ ಮಗ, ಹೊಲದಲ್ಲೇ ಉಳಿದ ಅಪ್ಪ, ಮದುವೆಯಾಗಿ ಹೋದ ಮಗಳು ಒಂದೇ ಚಾಪೆಯ ಮೇಲೆ ಮೂರು ತಾಸು ಕೂರುವುದು ಈ ಒಂದು ರಾತ್ರಿ. ಆ ಮೂರು ತಾಸನ್ನು ಹೊರಗಿನವರ ಮಾತು ಕೇಳಲು ಕೊಟ್ಟರೆ, ನಮ್ಮ ಮಾತು ನಾವು ಕೇಳುವುದು ಯಾವಾಗ?

ಚಿಕ್ಕಂದಿನಲ್ಲಿ ನಾನು ಕೇಳಿದ ಸಾಕ್ಷಿಗಳಲ್ಲಿ ಒಂದು ಇನ್ನೂ ನೆನಪಿದೆ. ಒಬ್ಬ ಆಯಿ ಎದ್ದು ಹೇಳಿದ್ದಳು: ‘ದೇವ್ರು ಈ ವರ್ಷ ನನ್ನ ಎಮ್ಮಿ ಉಳ್ಸ್ಯಾನ. ಮಗನ ಕುಡಿಯೋದು ಇನ್ನಾ ಬಿಡ್ಸಿಲ್ಲ. ನೀವೂ ಪ್ರಾರ್ಥನಾ ಮಾಡ್ರಿ.’ ಅಷ್ಟೇ. ಮಗ ಹಿಂದಿನ ಸಾಲಲ್ಲೇ ಕೂತಿದ್ದ. ಯಾರೂ ನಗಲಿಲ್ಲ. ಮರುದಿನದಿಂದ ಅವನು ಕುಡಿಯುವುದು ಬಿಟ್ಟ ಎಂದು ಕಥೆ ಕಟ್ಟಲು ನನಗೆ ಇಷ್ಟವಿಲ್ಲ, ಬಿಡಲಿಲ್ಲ. ಆದರೆ ಆ ಮನೆಯ ಕಷ್ಟ ಅಂದಿನಿಂದ ಅವಳೊಬ್ಬಳದೇ ಆಗಿ ಉಳಿಯಲಿಲ್ಲ. ಪಕ್ಕದ ಮನೆಯವರು ಅವಳನ್ನು ವಿಚಾರಿಸಲು ಒಂದು ಕಾರಣ ಸಿಕ್ಕಿತು.

ಪತ್ರಿಕೋದ್ಯಮ ಓದುವಾಗ ನಮಗೆ ಕಲಿಸಿದ ಮೊದಲ ಪಾಠಗಳಲ್ಲಿ ಒಂದು, ಕನ್ನಡದ ಮೊದಲ ಪತ್ರಿಕೆ 1843ರ ‘ಮಂಗಳೂರು ಸಮಾಚಾರ’, ಅದನ್ನು ತಂದವರು ಬಾಸೆಲ್ ಮಿಷನ್‌ನ ಹರ್ಮನ್ ಮೊಗ್ಲಿಂಗ್ ಎಂಬುದು. ಊರಿನ ಸುದ್ದಿ ಊರಿನವರಿಗೇ ಅವರ ಭಾಷೆಯಲ್ಲಿ ತಲುಪಬೇಕು ಎಂಬ ಆಸೆ ಅದು. ಸಾಕ್ಷಿಯೂ ಅದೇ ಕೆಲಸ ಮಾಡುತ್ತದೆ, ಕಾಗದವಿಲ್ಲದೆ. ಯಾರ ಮನೆಯಲ್ಲಿ ಸಾಲ, ಯಾರಿಗೆ ಡಯಾಲಿಸಿಸ್, ಯಾರ ಮಗಳು ಪಿಯುಸಿ ಪಾಸಾದಳು, ಯಾರ ಬೋರು ಬತ್ತಿತು. ಒಂದು ಹಳ್ಳಿ ತನ್ನ ವರ್ಷದ ವರದಿಯನ್ನು ತಾನೇ ಒಪ್ಪಿಸುವುದು ಹೀಗೆ.

ದುಃಖದ ಸಾಕ್ಷಿಗೂ ಜಾಗ ಇರಲಿ

ಇನ್ನೊಂದು ತೊಂದರೆ ಇದೆ. ಸಿಗುವ ಹತ್ತು ನಿಮಿಷದಲ್ಲೂ ಈಗ ಗೆದ್ದವರ ಸಾಕ್ಷಿಯೇ ಹೆಚ್ಚು. ಹೊಸ ಮನೆ ಕಟ್ಟಿದೆ, ಕಾರು ಬಂತು, ಮಗನಿಗೆ ಫಾರಿನ್ ಕೆಲಸ ಸಿಕ್ಕಿತು. ಒಳ್ಳೆಯದೇ, ಸಂತೋಷ. ಆದರೆ ಬೆಳೆ ಹೋದವನು, ಸಂಘದ ಕಂತು ಕಟ್ಟಲಾಗದವಳು, ಮಗು ಕಳೆದುಕೊಂಡವಳು ಇದನ್ನೆಲ್ಲ ಕೇಳಿ ಏನು ತಿಳಿಯಬೇಕು? ತಮ್ಮ ನಂಬಿಕೆ ಕಡಿಮೆಯಾಯಿತು ಎಂದೇ? ಅವರು ಎದ್ದರೆ ಸಭೆಯ ಮುಖ ಸಪ್ಪಗಾಗುತ್ತದೆ ಎಂದು ಅವರೇ ಸುಮ್ಮನಾಗುತ್ತಾರೆ. ಬೈಬಲ್ಲಿನ ಕೀರ್ತನೆಗಳಲ್ಲಿ ಎಷ್ಟೋ ಕೀರ್ತನೆಗಳು ಅಳುವೇ ತಾನೆ? ಯೋಬನ ಪುಸ್ತಕ ಇರುವುದೇ ಎಲ್ಲ ಕಳೆದುಕೊಂಡವನ ಮಾತು ಕೇಳಿಸಲು. ದಾಟಿ ಬಂದವರ ಜೊತೆಗೆ ಇನ್ನೂ ನೀರಿನ ನಡುವೆ ಇರುವವರೂ ಮಾತಾಡಬೇಕು.

ಕಾರ್ಡಿನ ಬಗ್ಗೆ

ವಾಗ್ದಾನದ ಕಾರ್ಡು ಎಂದರೆ ಬೈಬಲ್ಲಿನ ಒಂದು ವಚನ ಅಚ್ಚಾದ ಚಿಕ್ಕ ಚೀಟಿ. ತಟ್ಟೆಯಿಂದ ಒಬ್ಬೊಬ್ಬರೂ ಒಂದು ಎತ್ತಿಕೊಳ್ಳುತ್ತಾರೆ. ಅದು ತಮಗೆ ವರ್ಷಕ್ಕೆ ಸಿಕ್ಕ ಮಾತು ಎಂದು ಮನೆಯ ಗೋಡೆಗೆ ಅಂಟಿಸುತ್ತಾರೆ. ಇದನ್ನು ಹಾಸ್ಯ ಮಾಡಲು ನಾನು ತಯಾರಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ದಿಂಬಿನ ಕೆಳಗೆ ಆ ಚೀಟಿ ಇಟ್ಟುಕೊಂಡು ಧೈರ್ಯ ತಂದುಕೊಂಡವರಿದ್ದಾರೆ.

ಆದರೆ ‘ನನಗೆ ಒಳ್ಳೇದು ಬಂತು, ನಿನಗೇನು ಬಂತು?’ ಎಂದು ಲಾಟರಿಯಂತೆ ನೋಡುವುದು ಬೇರೆ. ಹೆರ್ನ್‌ಹುಟ್‌ನ ಮೊರಾವಿಯನ್ನರಲ್ಲೂ ಇಂಥ ವಚನದ ರೂಢಿ ಇತ್ತು. 1728ರಲ್ಲಿ ಶುರುವಾಗಿ, 1731ರಿಂದ ಪುಸ್ತಕವಾಗಿ ಅಚ್ಚಾಗುತ್ತ ಬಂದಿದೆ. ವ್ಯತ್ಯಾಸ ಏನೆಂದರೆ, ಅಲ್ಲಿ ದಿನಕ್ಕೆ ಒಂದು ವಚನ ಇಡೀ ಊರಿಗೆ. ಮನೆ ಮನೆಗೆ ಹೋಗಿ ಹೇಳುತ್ತಿದ್ದರು. ಒಂದೇ ಮಾತನ್ನು ಎಲ್ಲರೂ ಸೇರಿ ಹೊರುತ್ತಿದ್ದರು. ನಮ್ಮ ಸಭೆಗಳೂ ಒಂದೊಂದು ಚೀಟಿಯ ಜೊತೆಗೆ ಇಡೀ ಸಭೆಗೆ ಒಂದು ವಚನ ಇಟ್ಟುಕೊಂಡರೆ ಚೆನ್ನ. ಹೋದ ವರ್ಷದ ವಚನಕ್ಕೆ ತಕ್ಕಂತೆ ನಾವು ಏನು ಮಾಡಿದೆವು ಎಂದು ಈ ವರ್ಷ ಕೇಳಿಕೊಳ್ಳಬಹುದು.

ಯುವಕರು ಬರುವುದಿಲ್ಲವೇ?

‘ಸೌಂಡು, ಕೀಬೋರ್ಡು, ಲೈಟು ಇಲ್ಲದಿದ್ದರೆ ಹುಡುಗರು ಬರುವುದಿಲ್ಲ, ಹೆಂಡದಂಗಡಿಗೆ ಹೋಗುತ್ತಾರೆ’ ಎಂದು ಹಿರಿಯರು ಹೇಳುತ್ತಾರೆ. ಈ ಭಯ ಸುಳ್ಳಲ್ಲ. ಹಾಡು ಇರಲಿ, ಕೀಬೋರ್ಡು ಇರಲಿ, ಕೇಕೂ ಇರಲಿ. ಆದರೆ ಹುಡುಗರು ಮಾತಾಡಲು ಒಲ್ಲೆ ಎನ್ನುತ್ತಾರೆಂದು ನಾವೇ ಅಂದುಕೊಂಡಿದ್ದೇವೆ. ಬೆಂಗಳೂರಿನಲ್ಲಿ ಹನ್ನೆರಡು ತಾಸು ಗೇಟಿನ ಮುಂದೆ ನಿಂತು ಬಂದವನಿಗೆ ಹೇಳಲು ಬೇಕಾದಷ್ಟಿದೆ. ಕೇಳುವವರು ಯಾರು ಎಂಬುದೇ ಅವನ ಪ್ರಶ್ನೆ.

ಸೌಂಡಿನ ವಿಷಯದಲ್ಲಿ ಕಾನೂನೂ ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ. ವರ್ಷಕ್ಕೆ 15 ದಿನಕ್ಕೆ ಮೀರದಂತೆ ಹಬ್ಬದ ಸಂದರ್ಭಗಳಲ್ಲಿ ರಾಜ್ಯ ಸರ್ಕಾರ ನಡುರಾತ್ರಿಯವರೆಗೆ ವಿನಾಯಿತಿ ಕೊಡಬಹುದು. ಕಾನೂನು ಬಿಡಿ, ಪಕ್ಕದ ಮನೆಯಲ್ಲಿ ಬಾಣಂತಿ ಇರುತ್ತಾಳೆ, ಮುಂಜಾನೆ ಹೊಲಕ್ಕೆ ಹೋಗುವವರು ಇರುತ್ತಾರೆ. ಅವರು ಬೇರೆ ಧರ್ಮದವರಿರಬಹುದು, ನಮ್ಮ ನೆರೆಯವರು. ಹೊರಗಿನ ಹಾರ್ನ್ ಬಂದ್ ಮಾಡಿ, ಒಳಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವಷ್ಟು ಮೈಕು ಸಾಕು.

ನಾನು ಕೇಳುವುದು ನಾಲ್ಕೇ

ಒಂದು, ಸಾಕ್ಷಿಗೆ ಒಂದು ತಾಸು ಕೊಡಿ. ಒಬ್ಬರಿಗೆ ಮೂರು ನಿಮಿಷ ಎಂದರೂ ಇಪ್ಪತ್ತು ಜನ ಮಾತಾಡಬಹುದು. ಅರ್ಧದಷ್ಟಾದರೂ ಹೆಂಗಸರಿರಲಿ. ಸಂದೇಶ ಇಪ್ಪತ್ತು ನಿಮಿಷಕ್ಕೆ ಮುಗಿಯಲಿ, ನಮ್ಮ ಸಭಾಪಾಲಕರೇ ಕೊಡಲಿ. ಯಾರ ಮನೆಯಲ್ಲಿ ಏನಾಗಿದೆ ಎಂದು ಅವರಿಗೆ ಗೊತ್ತು.

ಎರಡು, ವರ್ಷದಲ್ಲಿ ತೀರಿಕೊಂಡವರ, ಹುಟ್ಟಿದವರ, ಮದುವೆಯಾದವರ ಹೆಸರು ಓದಿ. ಸಭೆಯ ರಿಜಿಸ್ಟರಿನಲ್ಲಿ ಇದೆಲ್ಲ ಇದ್ದೇ ಇದೆ. ಐದು ನಿಮಿಷದ ಕೆಲಸ.

ಮೂರು, ಸಭೆಯ ಜಮಾ ಖರ್ಚನ್ನೂ ಆ ರಾತ್ರಿ ಒಂದು ಹಾಳೆಯಲ್ಲಿ ಗೋಡೆಗೆ ಹಚ್ಚಿ. ಊರಿಂದ ಹೊರಗಿರುವವರೂ ಕಾಣಿಕೆ ಕಳಿಸುತ್ತಾರೆ. ಅವರು ಲೆಕ್ಕ ನೋಡಲು ಬೇರೆ ದಿನ ಬರುವುದಿಲ್ಲ.

ನಾಲ್ಕು, ಹನ್ನೆರಡು ಹೊಡೆಯುವ ಮೊದಲು ಹತ್ತು ನಿಮಿಷ ದೀಪ ಸಣ್ಣ ಮಾಡಿ ಸುಮ್ಮನಿರಿ. ಸಹೋದರನಿಗೆ ನಿನ್ನ ಮೇಲೆ ಬೇಸರವಿದ್ದರೆ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಎಂದು ಯೇಸು ಕಲಿಸಿದ್ದನ್ನು ನಾವು ಬಾಯಿಪಾಠ ಮಾಡಿದ್ದೇವೆ. ಆದರೂ ಬದುವಿನ ಜಗಳದಲ್ಲಿ ಮಾತು ಬಿಟ್ಟ ಅಣ್ಣ ತಮ್ಮ ಅದೇ ಸಭೆಯಲ್ಲಿ ಆ ಬದಿಗೊಬ್ಬ, ಈ ಬದಿಗೊಬ್ಬ ಕೂರುತ್ತಾರೆ. ಹನ್ನೆರಡಾದ ಮೇಲೆ ಎಲ್ಲರಿಗೂ ಕೈ ಕೊಟ್ಟು, ಒಬ್ಬರಿಗೊಬ್ಬರು ಮಾತ್ರ ಕೊಡದೆ ಹೋಗುತ್ತಾರೆ. ಆ ಹತ್ತು ನಿಮಿಷದಲ್ಲಿ ಒಂದು ಜೋಡಿಯಾದರೂ ಎದ್ದು ನಡೆದರೆ, ಅದಕ್ಕಿಂತ ದೊಡ್ಡ ಸಂದೇಶ ಯಾವ ಬೋಧಕರೂ ಕೊಡಲಾರರು.

ಇದಕ್ಕೆಲ್ಲ ಒಂದು ರೂಪಾಯಿ ಖರ್ಚಿಲ್ಲ. ಬದಲಿಗೆ ಪೆಂಡಾಲು, ಸೌಂಡಿನ ಬಾಡಿಗೆ ಉಳಿಯುತ್ತದೆ. ಬರುವ ಕಮಿಟಿ ಮೀಟಿಂಗಿನಲ್ಲಿ ಕಾರ್ಯಕ್ರಮ ಪಟ್ಟಿ ಬರೆಯಲು ಕೂತಾಗ ಯಾರಾದರೂ ಒಬ್ಬರು ಕೈ ಎತ್ತಿ, ‘ಮೊದಲು ಸಾಕ್ಷಿ ಬರೀರಿ, ಉಳಿದ ಟೈಮಿನಲ್ಲಿ ಬೇರೆದ್ದು’ ಎಂದರೆ ಸಾಕು.