ಬಿಸಾಡುವ ಹೆಡ್‌ಫೋನ್ ಅಗ್ಗವಲ್ಲ

ಹೆಡ್‌ಫೋನ್ ಕೊಳ್ಳುವವರು ಬೆಲೆಯನ್ನೂ ಬಾಸ್‌ನ ಅಬ್ಬರವನ್ನೂ ವಿಚಾರಿಸುತ್ತಾರೆ. ಕೆಟ್ಟರೆ ರಿಪೇರಿಯಾದೀತೇ ಎಂದು ಕೇಳುವವರು ವಿರಳ. ಈ ಮೌನವೇ ಮಾರುಕಟ್ಟೆಯ ಬಂಡವಾಳ.

ಹಿಂಬದಿ ಮುಚ್ಚಿರುವ ‘ಕ್ಲೋಸ್ಡ್ ಬ್ಯಾಕ್’ ಮಾದರಿಯ ಬಗ್ಗೆ ತಕರಾರಿಲ್ಲ. ಹೊರಗಿನ ಸದ್ದನ್ನು ಅದು ತಗ್ಗಿಸುವುದರಿಂದ, ಮಳೆ ಸುರಿಯುವ ಹಂಚಿನ ಮನೆಯಲ್ಲೂ ಧ್ವನಿಯನ್ನು ಅತಿಯಾಗಿ ಏರಿಸದೆ ಕೇಳಬಹುದು. ಗಾಯನ, ತಾಳಮದ್ದಲೆ ಕೇಳುವವರಿಗೆ ಕಂಠ ಸ್ಪಷ್ಟವಾಗಿರಬೇಕು. ಬಾಸ್ ಉಬ್ಬಿಸಿದ ಸಾಧನ ಅದನ್ನು ಮಸುಕಾಗಿಸುತ್ತದೆ. ಸಿನಿಮಾ ಹಾಡಿನ ಪ್ರಿಯರಿಗೆ ತುಸು ಹೆಚ್ಚಿನ ಬಾಸ್ ಒಪ್ಪೀತು. ಪರಿಚಿತ ಹಾಡನ್ನೇ ಹಾಕಿ ಪರೀಕ್ಷಿಸಬೇಕು.

ತಕರಾರು ಇರುವುದು ಬ್ಯಾಟರಿಯನ್ನು ತೆಗೆಯಲಾಗದಂತೆ ಮುಚ್ಚಿಟ್ಟ ನಿಸ್ತಂತು ಮಾದರಿಗಳ ಬಗ್ಗೆ. ಲೀಥಿಯಂ ಬ್ಯಾಟರಿ ಕೆಲವು ವರ್ಷಗಳಲ್ಲಿ ಸೊರಗುತ್ತದೆ. ಆಗ ಕೆಡದೇ ಉಳಿದ ಸ್ಪೀಕರೂ ಅದರ ಅಯಸ್ಕಾಂತವೂ ಕಸವಾಗುತ್ತವೆ. 2022ರಲ್ಲಿ ಜಗತ್ತು ಸೃಷ್ಟಿಸಿದ ಇ-ತ್ಯಾಜ್ಯ 6.2 ಕೋಟಿ ಟನ್. ದಾಖಲೆಗೆ ಸಿಕ್ಕಂತೆ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ. 22.3 ಮಾತ್ರ. ಉಳಿದದ್ದರ ವಿಷ ಸೇರುವುದು ಮಣ್ಣಿಗೆ, ನೀರಿಗೆ.

ಬೇರೆ ದಾರಿ ಇಲ್ಲವೆಂದಲ್ಲ. 1991ರಲ್ಲಿ ಬಂದ ಸೋನಿ ಎಂಡಿಆರ್-7506 ಎಂಬ ತಂತಿಯ ಹೆಡ್‌ಫೋನ್ ಧ್ವನಿಮುದ್ರಣ ಕೊಠಡಿಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಕಿವಿಯ ಮೆತ್ತೆ ಸವೆದರೆ ಮೆತ್ತೆಯನ್ನಷ್ಟೇ ಬದಲಿಸಬಹುದು. ಕಡಿಮೆ ಬೆಲೆಯವುಗಳಲ್ಲೂ ಕಳಚಿ ಬದಲಿಸಬಲ್ಲ ತಂತಿಯುಳ್ಳವು ಇವೆ.

ಬೆಲೆಯನ್ನು ಬಾಳಿಕೆಯ ವರ್ಷಗಳಿಂದ ಭಾಗಿಸಿ ನೋಡಿ. 2 ವರ್ಷ ಬಾಳುವ 2,000 ರೂಪಾಯಿಯದ್ದಕ್ಕೆ ವರ್ಷಕ್ಕೆ 1,000 ರೂಪಾಯಿ. 10 ವರ್ಷ ಬಾಳುವ 6,000 ರೂಪಾಯಿಯದ್ದಕ್ಕೆ 600. ಯಾವುದು ದುಬಾರಿ?

ಮೆತ್ತೆ, ತಂತಿ ಬಿಡಿಯಾಗಿ ಸಿಗುತ್ತವೆಯೇ ಎಂದು ಅಂಗಡಿಯಲ್ಲಿ ಮೊದಲು ಕೇಳೋಣ. ಇಲ್ಲವೆಂದರೆ, ಕೊಳ್ಳದೆ ಹಿಂತಿರುಗೋಣ.