ಓಲೆ ಹಲವು, ಲೆಕ್ಕ ಒಂದೇ

ವಚನ ಪಿತಾಮಹ ಡಾ. ಫ. ಗು. ಹಳಕಟ್ಟಿಯವರು 1926ರಲ್ಲಿ ವಿಜಾಪುರದಿಂದ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಮರುವರ್ಷವೇ ‘ನವಕರ್ನಾಟಕ’ ವಾರಪತ್ರಿಕೆಯನ್ನು ಹೊರತಂದರು. ಒಂದು ವಚನ ಸಾಹಿತ್ಯದ ಅಭ್ಯಾಸಿಗಳಿಗೆ, ಇನ್ನೊಂದು ನಾಡಿನ ಆಗುಹೋಗುಗಳನ್ನು ಅರಿಯಬಯಸುವವರಿಗೆ. ಓದುಗರನ್ನು ಅರಿತು ಬರೆಯುವ ಈ ವಿವೇಕವನ್ನು ನಮ್ಮ ಸಂಸ್ಥೆಗಳು ಇಂದು ನೆನೆಯಬೇಕಾಗಿದೆ.

ನಮ್ಮ ಉಚಿತ ಪ್ರಸಾದ ನಿಲಯಗಳೂ ಸೇವಾಸಂಘಗಳೂ ಈಗ ಇ-ಮೇಲ್ ಮೂಲಕ ವಾರ್ತಾಪತ್ರ ಕಳುಹಿಸುತ್ತವೆ. ಆದರೆ ಅನೇಕ ಕಡೆ ಒಂದೇ ಒಕ್ಕಣೆ ಎಲ್ಲರಿಗೂ ಹೋಗುತ್ತದೆ. ಬ್ಯಾಡಗಿಯ ಪೇಟೆಯನ್ನು ಬಲ್ಲವರಿಗೆ ಇದರ ಕೊರತೆ ತಿಳಿದೀತು. ಅದೇ ಮೆಣಸಿನಕಾಯಿಯಲ್ಲಿ ಗೃಹಿಣಿಯು ರುಚಿಯನ್ನು ಅರಸಿದರೆ, ಸತ್ವ ತೆಗೆಯುವ ಕಾರ್ಖಾನೆಯವರು ಬಣ್ಣವನ್ನು ಅಳೆಯುತ್ತಾರೆ.

ಕಣದಿಂದ ಒಂದು ಚೀಲ ಜೋಳ ತಂದಿತ್ತ ರೈತ ಕುಟುಂಬಕ್ಕೆ, ಅದು ಎಷ್ಟು ಮಕ್ಕಳ ಊಟಕ್ಕಾಯಿತೆಂದು ತಿಳಿಯಬೇಕು. ರಾಣೆಬೆನ್ನೂರಿನ ವರ್ತಕರಿಗೆ ಜಮಾ-ಖರ್ಚಿನ ವಿವರವೂ ತೆರಿಗೆ ವಿನಾಯಿತಿಯ ಪ್ರಮಾಣಪತ್ರವೂ ಬೇಕು. ಮಗನನ್ನು ನಿಲಯದಲ್ಲಿ ಇರಿಸಿದ ತಾಯಿಗೆ ಪರೀಕ್ಷೆಯ, ರಜೆಯ ದಿನಾಂಕಗಳು ಬೇಕು. ಆಕೆಗೆ ದೇಣಿಗೆಯ ಮನವಿ ಹೋದರೆ ಉಣ್ಣುವ ಮಗುವಿನ ಮೇಲೆ ಹಂಗು ಹೊರಿಸಿದಂತಾದೀತು.

ವಿದೇಶದಲ್ಲಿರುವ ಬಂಧುಗಳಿಗೆ ಬರೆಯುವಾಗಲಂತೂ ಹೆಚ್ಚಿನ ಎಚ್ಚರ ಅಗತ್ಯ. ಭಾರತದ ಪೌರತ್ವ ಉಳಿಸಿಕೊಂಡವರು ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆಯಲ್ಲ. ಅನ್ಯದೇಶದ ಪೌರತ್ವ ಪಡೆದವರು ಕೊಟ್ಟದ್ದು, ಅವರು ನಮ್ಮೂರಿನವರೇ ಆಗಿದ್ದರೂ, ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು ಕೇಂದ್ರ ಸರ್ಕಾರದ ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ಪ್ರಕಾರ ಹಣವು ಮೊದಲು ನವದೆಹಲಿಯ ಸ್ಟೇಟ್ ಬ್ಯಾಂಕಿನ ನಿಗದಿತ ಖಾತೆಗೇ ಬರಬೇಕು. ಊರಿನ ಖಾತೆಯ ಸಂಖ್ಯೆಯುಳ್ಳ ಮನವಿ ಎಲ್ಲರಿಗೂ ಹೋದರೆ, ಭಕ್ತಿಯಿಂದ ಕೊಟ್ಟ ಹಣವೇ ಸಂಸ್ಥೆಗೆ ತೊಡಕಾದೀತು.

ಒಕ್ಕಣೆ ಬೇರೆಯಾಗಬಹುದು, ಸತ್ಯ ಬೇರೆಯಾಗಕೂಡದು. ವರ್ತಕರಿಗೆ ಒಂದು ಅಂಕಿ, ರೈತರಿಗೆ ಇನ್ನೊಂದು ಅಂಕಿ ಹೇಳಿದರೆ, ಇಬ್ಬರೂ ಜಾತ್ರೆಯಲ್ಲಿ ಕಲೆತ ದಿನವೇ ವಿಶ್ವಾಸ ಮುರಿಯುತ್ತದೆ. ಆದುದರಿಂದ ಪ್ರತಿ ಓಲೆಯ ಕೊನೆಯಲ್ಲಿಯೂ ವರ್ಷದ ಅದೇ ಲೆಕ್ಕವಿರಲಿ. ರಶೀದಿ ಬರೆಯುವಾಗಲೇ “ತಮಗೆ ಯಾವ ಸುದ್ದಿ ಬೇಕು?” ಎಂದು ಕೇಳಿ ಗುರುತು ಹಾಕಿಕೊಂಡರೆ ವಿಂಗಡಣೆ ಕಷ್ಟವಲ್ಲ. ಇ-ಮೇಲ್ ಇಲ್ಲದ ಹಿರಿಯರನ್ನು ಮರೆಯದೆ ಅಂಚೆಯ ಕಾರ್ಡೊಂದನ್ನು ಬರೆಯಲಿ.

ತಾವು ಕಾಯಕದಿಂದ ಗಳಿಸಿದ್ದು ದಾಸೋಹಕ್ಕೆ ಸಂದಿತೆಂಬ ಅರಿವು, ಕೊಟ್ಟ ಪ್ರತಿ ಮನೆಗೂ ತಿಳಿಯುವ ಮಾತಿನಲ್ಲಿ ಮುಟ್ಟಲಿ ಎಂಬುದೇ ನಮ್ಮ ಆಶಯ.